ಕಾರಿನ ಪಾರ್ಟ್ ಡೆವಲಪ್ ಮಾಡಲು ನಾವು ದುಡ್ಡು ಹಾಕಬೇಕಾ?

"ಅಣ್ಣ, ನಮ್ಮ ಕಾರಿಗೆ ಒಬ್ಬರು ಹೆಡರ್ ಮಾಡ್ತಾರಂತೆ. ಇಪ್ಪತ್ತು ಜನ ಸೇರಿ ಮೊದಲೇ ದುಡ್ಡು ಹಾಕ್ಬೇಕಂತೆ. ಆಮೇಲೆ ನಮಗೆ ಕಡಿಮೆ ರೇಟಿಗೆ ಕೊಡ್ತಾರಂತೆ. ಹಾಕುದಾ, ಬೇಡ್ವಾ?"

ಮಂಗಳೂರಿನ ಯೆಯ್ಯಾಡಿಯ ನಮ್ಮ ವರ್ಕ್‌ಶಾಪಿಗೆ ಬರುವ ಕಾರು ಹುಚ್ಚಿನ ಹುಡುಗರು ಕೇಳುವ ಪ್ರಶ್ನೆ ಇದು. ಹೆಡರ್ ಅಂದರೆ ಇಂಜಿನಿನ ಹೊಗೆಯನ್ನು ಹೊರಗೆ ಒಯ್ಯುವ ಪೈಪುಗಳ ಕಟ್ಟು. ಕೆಲವರು ಹೆಡರ್ ಬದಲು ಇಂಟರ್‌ಕೂಲರ್ (ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ಸಾಮಾನು) ಅನ್ನುತ್ತಾರೆ, ಕೆಲವರು ಇನ್‌ಟೇಕ್ (ಇಂಜಿನಿಗೆ ಗಾಳಿ ಎಳೆಯುವ ಪೈಪು). ಪ್ರಶ್ನೆ ಮಾತ್ರ ಅದೇ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಹಾಗಾಗಿ ಒಮ್ಮೆ ಕೂತು ಬರೆದಿದ್ದೇನೆ.

ಅವಸರ ಇರುವವರಿಗೆ ಇಷ್ಟು: ಪಾರ್ಟ್ ಆಗುತ್ತದೋ ಇಲ್ಲವೋ ಎಂದು ನೋಡುವ ಖರ್ಚಿಗೆ ದುಡ್ಡು ಕೊಡಬೇಡಿ. ಆಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ಅಡ್ವಾನ್ಸ್ ಕೊಡಿ, ಧಾರಾಳವಾಗಿ ಕೊಡಿ.

ಎರಡೂ ದುಡ್ಡೇ ಅಲ್ವಾ, ಎಂತ ವ್ಯತ್ಯಾಸ ಅನ್ನುತ್ತಾರೆ. ನಮ್ಮ ಹೊಟ್ಟೆಪಾಡು ನಡೆಯುವುದು ಹೋಟೆಲ್ ಕಿಚನ್ ಕೆಲಸದಿಂದ. ಸ್ಟೀಲಿನ ಟೇಬಲ್, ಸಿಂಕ್, ದೋಸೆ ಕಾವಲಿಯ ಸ್ಟ್ಯಾಂಡ್, ಹೊಗೆ ಎಳೆಯುವ ಹುಡ್. ಕಾರಿನ ಪೈಪ್ ಕೆಲಸ ಏನಿದ್ದರೂ ಸಂಜೆಯ ಚಟ. ಹೋಟೆಲಿನವರಿಂದ ನಾನು ಅರ್ಧ ದುಡ್ಡು ಮೊದಲೇ ತೆಗೆದುಕೊಳ್ಳುತ್ತೇನೆ. ಯಾರೂ ತಕರಾರು ಮಾಡುವುದಿಲ್ಲ. ಯಾಕೆಂದರೆ ಹುಡ್ ಮಾಡುವುದು ಹೇಗೆಂದು ನನಗೆ ಗೊತ್ತು. ಶೀಟ್ ಎಷ್ಟು ಬೇಕು, ಎಷ್ಟು ದಿನದ ಕೆಲಸ, ಎಲ್ಲಕ್ಕೂ ಲೆಕ್ಕ ಇದೆ. ಅವರ ದುಡ್ಡು ಸೀದಾ ಶೀಟಿಗೆ ಹೋಗುತ್ತದೆ. ನಾಳೆ ಹೋಟೆಲೇ ಬೇಡ ಎಂದು ಬಿಟ್ಟರೂ ಶೀಟ್ ಅಲ್ಲೇ ಇರುತ್ತದೆ.

ಯಾರೂ ಇದುವರೆಗೆ ಮಾಡದ ಹೆಡರಿನ ಕತೆ ಹಾಗಲ್ಲ.

ಕಂಪನಿ ಕೊಟ್ಟ ಮ್ಯಾನಿಫೋಲ್ಡ್ (ಹೆಡರ್ ಕೂರುವ ಜಾಗದಲ್ಲಿ ಮೊದಲೇ ಇರುವ ಹೊಗೆ ಕೊಳವೆ) ಬಿಚ್ಚಿ, ಗ್ಯಾಸ್ಕೆಟ್ ಇಟ್ಟು ಫ್ಲ್ಯಾಂಜಿನ (ಇಂಜಿನಿಗೆ ಬೋಲ್ಟ್ ಆಗುವ ದಪ್ಪ ಪಟ್ಟಿ) ಅಳತೆ ತೆಗೆಯುವುದರಿಂದ ಕೆಲಸ ಶುರು. ಫ್ಲ್ಯಾಂಜನ್ನು ಲೇಸರ್ ಕಟ್ ಮಾಡಿಸಬೇಕು. ಆಮೇಲೆ ನಾಲ್ಕು ಸಿಲಿಂಡರಿಗೆ ನಾಲ್ಕು ಪೈಪು. ನಾಲ್ಕೂ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು, ಕೊನೆಗೆ ಒಂದೇ ಕಡೆ ಬಂದು ಸೇರಬೇಕು. ಕಾಗದದ ಮೇಲೆ ಸುಲಭ. ಬಾನೆಟ್ ಎತ್ತಿದರೆ ಎದುರಿಗೆ ರೇಡಿಯೇಟರ್ ಫ್ಯಾನ್, ಪಕ್ಕದಲ್ಲಿ ಎ.ಸಿ. ಕಂಪ್ರೆಸರ್, ಕೈ ಹೋಗಲಿಕ್ಕೂ ಜಾಗ ಇಲ್ಲ. ಬೆಂಡ್ ತುಂಡುಗಳನ್ನು ಕೂಡಿಸಿ ಟ್ಯಾಕ್ (ಚುಕ್ಕೆ ವೆಲ್ಡ್) ಹಾಕುವುದು, ಕೂರಿಸಿ ನೋಡುವುದು, ತಾಗಿತೆಂದು ಕತ್ತರಿಸುವುದು, ಪುನಃ ಕೂಡಿಸುವುದು. ಫುಲ್ ವೆಲ್ಡ್ ಆದ ಮೇಲೆ ಬಿಸಿಗೆ ಫ್ಲ್ಯಾಂಜ್ ಸೊಟ್ಟಗಾಗುತ್ತದೆ. ನಿನ್ನೆ ಸಲೀಸಾಗಿ ಕೂತಿದ್ದು ಇವತ್ತು ಸ್ಟಡ್ಡಿಗೆ ಹೊಂದುವುದಿಲ್ಲ. ಅದನ್ನೂ ಸರಿ ಮಾಡಿದಿರಿ ಅನ್ನಿ. 304 ಸ್ಟೇನ್‌ಲೆಸ್ ಸ್ಟೀಲು ಮಾಮೂಲಿ ಉಕ್ಕಿಗಿಂತ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಸ್ವಲ್ಪ ಕಾಲ ಓಡಿದ ಮೇಲೆ ವೆಲ್ಡಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಬಹುದು. ಆಗ ಪುನಃ ಒಂದನೇ ಕ್ಲಾಸಿನಿಂದ.

ಹೊರದೇಶದ್ದು ತರಿಸಿ ಕಾಪಿ ಹೊಡೆದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಅಮೆರಿಕ, ಜರ್ಮನಿಯಲ್ಲಿ ಸ್ಟೇರಿಂಗ್ ಎಡಕ್ಕೆ. ಇಂಜಿನ್ ಒಂದೇ ಆದರೂ ಅಲ್ಲಿಯ ಪೈಪು ಕೆಲವು ಕಾರುಗಳಲ್ಲಿ ನಮ್ಮ ಬಲಗಡೆಯ ಸ್ಟೇರಿಂಗ್ ಶಾಫ್ಟಿಗೆ ತಾಗುತ್ತದೆ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಇಂಜಿನಿಗೆ ಹೆಡರ್ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಚಾ ಕುಡಿದು ಎದ್ದು ಬನ್ನಿ. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ ಒಳಗೇ ಎರಕವಾಗಿ ಬರುತ್ತದೆ. ಬಿಚ್ಚಲಿಕ್ಕೆ ಅಲ್ಲಿ ಏನೂ ಇಲ್ಲ.

ಹೀಗೆ ಒಂದು ಪೀಸ್ ಸರಿಯಾಗಿ ಕೂತ ಮೇಲೆ ಅದರ ಅಳತೆಗೆ ಜಿಗ್ (ತುಂಡುಗಳನ್ನು ಸರಿ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಕಟ್ಟುತ್ತೇವೆ. ಜಿಗ್ ಇದ್ದರೆ ಎರಡನೇ ಪೀಸು, ಹತ್ತನೇ ಪೀಸು ಎಲ್ಲ ಹೋಟೆಲಿನ ಹುಡ್ ಇದ್ದ ಹಾಗೆ. ಗೊತ್ತಿರುವ ಕೆಲಸ. ದುಡ್ಡು ಕರಗುವುದು ಜಿಗ್ಗಿಗೆ ಮೊದಲು. ನಿಮ್ಮ ಹತ್ತಿರ ಕೇಳುತ್ತಿರುವುದೂ ಆ ದುಡ್ಡನ್ನೇ.

ಕೇಳುವವರೆಲ್ಲ ಕಳ್ಳರಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲಿ ಗಮ್ಮತ್ತಿನ ಕಾರುಗಳು ಮಾರಾಟ ಆಗುವುದೇ ಕಡಿಮೆ. ಮಾರುತಿಯ ಬಲೆನೋ ಆರ್‌ಎಸ್ 2017ರಲ್ಲಿ ಬಂತು, ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ಹೋಯಿತು. ಪೋಲೋ 2022ರಲ್ಲಿ ನಿಂತಿತು. ಅಂಥ ಕಾರಿಗೆ ಪಾರ್ಟ್ ಮಾಡಲು ಮೂರು ಲಕ್ಷ ಖರ್ಚು ಅಂತಿಟ್ಟುಕೊಳ್ಳಿ. ನೂರು ಪೀಸ್ ಹೋದರೆ ಒಂದರ ಮೇಲೆ ಮೂರು ಸಾವಿರ ಬೀಳುತ್ತದೆ. ಇಪ್ಪತ್ತೇ ಹೋದರೆ ಹದಿನೈದು ಸಾವಿರ. ಐದೇ ಹೋದರೆ ಅಂಗಡಿಗೆ ಬೀಗ. ಮಾಡುವವನಿಗೆ ಹೆದರಿಕೆ ಆಗುವುದು ಸಹಜ. ಆ ಹೆದರಿಕೆಯನ್ನು ನಿಮ್ಮ ತಲೆಗೆ ದಾಟಿಸುವಾಗ ಬದಲಿಗೆ ಏನು ಕೊಡುತ್ತಾನೆ ಎಂಬುದು ನನ್ನ ಪ್ರಶ್ನೆ.

ಪಾರ್ಟ್ ಆಗದಿದ್ದರೆ ನಿಮ್ಮ ಹದಿನೈದು ಸಾವಿರ ಹೋಯಿತು. ಪಾರ್ಟ್ ಆಯಿತು ಅನ್ನಿ, ಜಿಗ್ ಅವನ ಅಂಗಡಿಯಲ್ಲೇ ಉಳಿಯುತ್ತದೆ. ಮುಂದೆ ಕೊಚ್ಚಿಯವರಿಗೋ ಪುಣೆಯವರಿಗೋ ಅದರಲ್ಲೇ ಮಾಡಿ ಮಾರುತ್ತಾನೆ. ನಿಮಗೆ ಸಿಗುವುದು ಎರಡು ಸಾವಿರದ ಡಿಸ್ಕೌಂಟು. ಬ್ಯಾಂಕಿನವರು ಇದೇ ದುಡ್ಡು ಕೊಟ್ಟಿದ್ದರೆ ಬಡ್ಡಿ ಕೇಳುತ್ತಿದ್ದರು, ಪಾಲುದಾರ ಪಾಲು ಕೇಳುತ್ತಿದ್ದ. ಗಿರಾಕಿ ಮಾತ್ರ ಥ್ಯಾಂಕ್ಸ್ ಹೇಳಿ ಬರಬೇಕಾ?

ನಾಲ್ಕು ಜನರ ಸಣ್ಣ ದುಡ್ಡು ಕೂಡಿಸುವುದು ನಮ್ಮೂರಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿ ದಿನಾ ಎರಡೆರಡು ಆಣೆ ಒಟ್ಟು ಮಾಡಿತು. ಅಲ್ಲಿ ಕಟ್ಟಿದ್ದಕ್ಕೆ ಲೆಕ್ಕ ಇತ್ತು, ದುಡ್ಡು ವಾಪಸು ಬರುತ್ತಿತ್ತು. ಇಪ್ಪತ್ತು ಹುಡುಗರು ಒಬ್ಬರ ಯುಪಿಐ ನಂಬರಿಗೆ ಹಾಕುವುದು ಪಿಗ್ಮಿ ಅಲ್ಲ.

ಮಾರುತಿಗೂ ಜನ ಮೊದಲೇ ದುಡ್ಡು ಕಟ್ಟಿದ್ದರಲ್ಲ ಎಂದು ಒಬ್ಬರು ವಾದ ಮಾಡಿದರು. ಹೌದು, 1983ರಲ್ಲಿ ಮುಂಗಡ ಕಟ್ಟಿ ಕಾದವರು ಬಹಳ ಜನ. ಆದರೆ ಆ ಕಾರು ಸುಝುಕಿಯದ್ದು, ಜಪಾನಿನ ರಸ್ತೆಯಲ್ಲಿ ಆಗಲೇ ಓಡುತ್ತಿತ್ತು. ಜನ ದುಡ್ಡು ಕೊಟ್ಟು ಕ್ಯೂ ನಿಂತದ್ದು ನಿಜ, ಕಾರು ಆಗುತ್ತದೋ ಇಲ್ಲವೋ ಎಂಬ ಜೂಜು ಆಡಿದ್ದಲ್ಲ. ಜೂಜು ನೋಡಬೇಕಾದರೆ ಟೆಸ್ಲಾ ನೋಡಿ. 2017ರ ನವೆಂಬರಿನಲ್ಲಿ ಹೊಸ ರೋಡ್‌ಸ್ಟರ್ ತೋರಿಸಿ, 2020ಕ್ಕೆ ಕೊಡುತ್ತೇವೆ ಎಂದು 50,000 ಡಾಲರ್ ಬುಕಿಂಗ್ ತೆಗೆದುಕೊಂಡರು. ಮೊದಲ ಸ್ಪೆಷಲ್ ಕಾರುಗಳಿಗೆ ಪೂರ್ತಿ 2,50,000 ಡಾಲರ್. 2020 ಬಂತು, ಹೋಯಿತು, ಕಾರು ಬರಲಿಲ್ಲ. ಅಷ್ಟು ದೊಡ್ಡ ಕಂಪನಿಯ ತಾರೀಕೇ ಹೀಗೆ ತಪ್ಪುವಾಗ ಎರಡು ವೆಲ್ಡಿಂಗ್ ಮೆಷಿನ್ ಇರುವವರ ತಾರೀಕು ನಂಬಿ ಕೂರಬೇಡಿ. ನನ್ನದನ್ನೂ ನಂಬಬೇಡಿ.

ಹಾಗಾದರೆ ಹೊಸ ಪಾರ್ಟ್ ಬರುವುದಾದರೂ ಹೇಗೆ? ದುಡ್ಡಿನ ಬದಲು ಕಾರು ಕೊಡಿ. ಮಾಡುವವನಿಗೆ ದುಡ್ಡಿಗಿಂತ ಕಷ್ಟ ಆಗುವುದು ಇದು. ಅಳತೆಗೆ, ಕೂರಿಸಿ ನೋಡಲಿಕ್ಕೆ, ಡೈನೋ (ಇಂಜಿನಿನ ಶಕ್ತಿ ಅಳೆಯುವ ಮೆಷಿನ್) ಮೇಲೆ ಹತ್ತಿಸಲಿಕ್ಕೆ ಒಂದು ಕಾರು ವಾರಗಟ್ಟಲೆ ಅಂಗಡಿಯಲ್ಲಿ ನಿಲ್ಲಬೇಕು. ಯಾರೂ ಬಿಡುವುದಿಲ್ಲ. ಮನೆಯಲ್ಲಿ ಎರಡನೇ ಗಾಡಿ ಇರುವವರು ಬಿಟ್ಟರೆ ಅದಕ್ಕೆ ಬೆಲೆ ಕಟ್ಟಲಾಗದು. ಬದಲಿಗೆ ಮೊದಲ ಪೀಸನ್ನು ಪುಕ್ಕಟೆ ಕೇಳಿ, ಸಂಕೋಚ ಬೇಡ. ಪರೀಕ್ಷೆಯಲ್ಲಿ ಗಾಡಿಗೆ ಏನಾದರೂ ಆದರೆ ರಿಪೇರಿ ಯಾರದ್ದು ಎಂದು ಮೊದಲೇ ಬರೆಸಿಕೊಳ್ಳಿ.

ನಮ್ಮ ಕಡೆಯ ಕಾರಿನಲ್ಲೇ ಪರೀಕ್ಷೆ ಆದರೆ ಇನ್ನೂ ಒಂದು ಲಾಭ ಉಂಟು. ತಣ್ಣನೆಯ ಗಾಳಿ ಸಿಗಲಿ ಎಂದು ಇನ್‌ಟೇಕಿನ ಬಾಯಿಯನ್ನು ಬಂಪರಿನ ಕೆಳಗೆ ತಂದು ಇಡುತ್ತಾರೆ. ಒಣ ಊರಿನ ಡೈನೋದಲ್ಲಿ ಭಾರಿ ಒಳ್ಳೆಯ ನಂಬರ್ ಬರಬಹುದು. ಅದೇ ಕಾರು ಜುಲೈಯಲ್ಲಿ ಕೊಟ್ಟಾರ ಚೌಕಿಯ ರಸ್ತೆಯಲ್ಲಿ ನಿಂತ ಮಳೆನೀರಿಗೆ ಇಳಿದರೆ ಗಾಳಿ ಎಳೆಯಬೇಕಾದ ಬಾಯಿ ನೀರು ಎಳೆಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಪಿಸ್ಟನ್ ಮೇಲೆ ಬರುತ್ತದೆ, ನೀರು ಬಿಡುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಮೇಲೆ ಇಂಜಿನ್ ಇಳಿಸುವುದೇ. ಒಂದು ಮಳೆಗಾಲ ಓಡದ ಇನ್‌ಟೇಕಿಗೆ ನಾನು ಐದು ಪೈಸೆ ಅಡ್ವಾನ್ಸ್ ಕೊಡುವುದಿಲ್ಲ.

ಪೀಸ್ ಆಗಿದೆ, ಕೂತಿದೆ, ಮೊದಲು ಮತ್ತು ನಂತರದ ಡೈನೋ ಶೀಟು ಒಂದೇ ಡೈನೋದ್ದು, ಒಂದೇ ಗೇರಿನದ್ದು. ಇಷ್ಟು ಇದ್ದರೆ ಅಡ್ವಾನ್ಸಿಗೆ ನನ್ನದೇನೂ ಅಡ್ಡಿ ಇಲ್ಲ. ಸಾಮಾನಿನ ಖರ್ಚಿನಷ್ಟು ಕೊಟ್ಟರೆ ಸಾಕು. ರಸೀದಿಯಲ್ಲಿ ಯಾವ ಪಾರ್ಟು, ಯಾವ ಕಾರಿಗೆ, ಯಾವ ತಾರೀಕಿಗೆ, ತಪ್ಪಿದರೆ ದುಡ್ಡು ಯಾವಾಗ ವಾಪಸು ಎಂಬುದು ಇರಲಿ. ಅರ್ಧ ದುಡ್ಡು ಕೊಟ್ಟು ಉಳಿದದ್ದು ಆಮೇಲೆ ಎಂದು ಒಪ್ಪಿಕೊಂಡವರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. ಆದರೆ ರಸೀದಿಯಲ್ಲಿ ಸುಮ್ನೆ 'ಡೆವಲಪ್‌ಮೆಂಟಿಗೆ ಸಹಾಯ' ಎಂದಿದ್ದರೆ ನೀವು ಕೊಂಡದ್ದು ಏನು ಎಂಬುದರಲ್ಲೇ ವಾದ ಶುರುವಾಗುತ್ತದೆ. ಇನ್ನು ಕಂಪನಿಗಳಿಗಾದರೆ, ಮಾಲಿಗೆಂದು ಪಡೆದ ಮುಂಗಡ 365 ದಿನದೊಳಗೆ ಮಾಲಿನ ಲೆಕ್ಕಕ್ಕೆ ಸೇರದಿದ್ದರೆ ಅದು ಠೇವಣಿ ಆಗುತ್ತದೆ ಎಂಬ ನಿಯಮ ಇದೆ. ಒಬ್ಬರೇ ನಡೆಸುವ ಗ್ಯಾರೇಜು ಕಂಪನಿ ಅಲ್ಲ, ಆ ನಿಯಮ ಅಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಇನ್ನೊಂದನ್ನು ದುಡ್ಡು ಕೇಳುವವರು ಹೇಳುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಬದಲಾಯಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಬಂತು. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ತೆಗೆದು ಕೂರಿಸುವ ಪೈಪು ರ‍್ಯಾಲಿ ಗಾಡಿಗೆ ಸರಿ. ದಿನಾ ಸುರತ್ಕಲ್‌ನಿಂದ ಆಫೀಸಿಗೆ ಬರುವ ಗಾಡಿಗೆ ಅದನ್ನು ಹಾಕಲು ಮೊದಲೇ ದುಡ್ಡು ಕಟ್ಟುವವರಿಗೆ ನಾನು ಎಂತ ಹೇಳುವುದು?

"ಮಾಡುವವ ನಮ್ಮ ಫ್ರೆಂಡೇ ಅಣ್ಣ, ಇಲ್ಲ ಹೇಳುದು ಹೇಗೆ?" ಕೊನೆಗೆ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ಇಲ್ಲ ಎನ್ನಬೇಡಿ. ಹೋದರೆ ಹೋಯಿತು ಅನ್ನುವಷ್ಟು ಕೊಡಿ, ಪಾರ್ಟಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಪಾರ್ಟ್ ರೆಡಿ ಆದಾಗ ಎಲ್ಲರ ಹಾಗೆ ರೇಟ್ ಕೇಳಿ, ಚರ್ಚೆ ಮಾಡಿ ಕೊಂಡುಕೊಳ್ಳಿ. ಮಂಗಳೂರು ಸಣ್ಣ ಊರು ಮಾರಾಯ್ರೆ. ಎರಡು ಸಾವಿರಕ್ಕೆ ಮಾತು ಬಿಟ್ಟು, ಕಂಕನಾಡಿಯಲ್ಲಿ ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟಿ ಹೋಗುವ ಇಬ್ಬರು ನನ್ನ ಗಿರಾಕಿಗಳಲ್ಲೇ ಇದ್ದಾರೆ.