ಸತ್ತ ಲೈನಿಗಿಂತ ಅರೆಜೀವದ ಲೈನೇ ಕಷ್ಟ

ಅಣು ವಿದ್ಯುತ್ ಸ್ಥಾವರವೊಂದಕ್ಕೆ ಹೊರಗಿನ ಗ್ರಿಡ್‌ನಿಂದ ಬರುವ ವಿದ್ಯುತ್ತಿನ ಲೆಕ್ಕವನ್ನು ಮೊದಲ ಬಾರಿ ನನಗೆ ಒಪ್ಪಿಸಿದಾಗ ನಾನು ಮಾಡಿದ ತಪ್ಪು ಗಣಿತದ್ದಲ್ಲ. ಒಂದು ವರ್ಷದ ಗ್ರಿಡ್ ವೋಲ್ಟೇಜ್ ದಾಖಲೆ ತರಿಸಿ, ಅದರಲ್ಲಿ ಅತಿ ಕಡಿಮೆ ಇದ್ದ ಅಂಕಿಯನ್ನು ಹೆಕ್ಕಿ, ಟ್ರಾನ್ಸ್‌ಫಾರ್ಮರ್, ಕೇಬಲ್ ಎಲ್ಲ ದಾಟಿ ಕೊನೆಯ ಪಂಪಿನ ಮೋಟಾರಿಗೆ ಎಷ್ಟು ತಲುಪುತ್ತದೆ ಎಂದು ತೋರಿಸಿದ್ದೆ. ಸಾಕಷ್ಟು ತಲುಪುತ್ತಿತ್ತು. ಪರಿಶೀಲನೆಗೆ ಕುಳಿತಿದ್ದ ಹಿರಿಯ ಎಂಜಿನಿಯರ್ ನಾಲ್ಕು ಪುಟ ತಿರುವಿ ಕೇಳಿದರು: “ಈ ಅಂಕಿ ದಾಖಲಾದಾಗ ನಮ್ಮ ಘಟಕ ಓಡುತ್ತಿತ್ತೋ, ನಿಂತಿತ್ತೋ?”

ಓಡುತ್ತಿತ್ತು. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಓಡುತ್ತಿರುವ ದೊಡ್ಡ ಜನರೇಟರ್ ಗ್ರಿಡ್‌ಗೆ ರಿಯಾಕ್ಟಿವ್ ಪವರ್ (ವೋಲ್ಟೇಜಿಗೆ ಆಸರೆಯಾಗುವ ವಿದ್ಯುತ್ತಿನ ಪಾಲು) ಕೊಟ್ಟು ತನ್ನ ಸುತ್ತಲಿನ ವೋಲ್ಟೇಜನ್ನು ತಾನೇ ಎತ್ತಿ ಹಿಡಿದಿರುತ್ತದೆ. ನಮಗೆ ಹೊರಗಿನ ವಿದ್ಯುತ್ ನಿಜವಾಗಿ ಬೇಕಾಗುವುದು ಆ ಘಟಕ ದಿಢೀರನೆ ಟ್ರಿಪ್ ಆದಾಗ, ಅಂದರೆ ನಿಂತುಹೋದಾಗ. ಆ ಕ್ಷಣಕ್ಕೆ ಆಸರೆ ಹೋಯಿತು. ಅನೇಕ ವಿನ್ಯಾಸಗಳಲ್ಲಿ ಅದೇ ಕ್ಷಣ ಸ್ಥಾವರದ ಒಳಗಿನ ಹೊರೆಯೂ ಹೊರಗಿನ ಲೈನಿನ ಮೇಲೆ ಬೀಳುತ್ತದೆ. ಸರಪಳಿ ಕ್ರಿಯೆ ನಿಂತ ಕೂಡಲೇ ರಿಯಾಕ್ಟರಿನ ಶಾಖ ಸೊನ್ನೆಯಾಗುವುದಿಲ್ಲ, ಪೂರ್ಣ ಸಾಮರ್ಥ್ಯದ ಶೇಕಡಾ 6ರಿಂದ 7ರಷ್ಟು ಉಳಿದಿರುತ್ತದೆ. 3,000 ಮೆಗಾವಾಟ್ ಶಾಖದ ರಿಯಾಕ್ಟರಿನಲ್ಲಿ ಅದು ಸುಮಾರು 200 ಮೆಗಾವಾಟ್. ಗಂಟೆಗಳು ಕಳೆದಂತೆ ಇಳಿಯುತ್ತದೆ, ನಿಜ. ಆದರೆ ಅದನ್ನು ತಣಿಸುವ ಪಂಪುಗಳು ಕಾಯುವಂತಿಲ್ಲ. ನಾನು ಊರುಗೋಲು ಹಿಡಿದವನ ನಡಿಗೆಯನ್ನು ಅಳೆದು, ಅದನ್ನು ಕಿತ್ತುಕೊಂಡ ಮೇಲೂ ಅವನು ಹಾಗೆಯೇ ನಡೆಯುತ್ತಾನೆಂದು ಬರೆದುಕೊಟ್ಟಿದ್ದೆ.

ಇದೇ ಎಡವಟ್ಟು ಅಮೆರಿಕದ ಮಿಲ್‌ಸ್ಟೋನ್ ಸ್ಥಾವರದಲ್ಲಿ 1976ರ ಜುಲೈನಲ್ಲಿ ಕಾಣಿಸಿಕೊಂಡಿತ್ತು. ಎರಡನೆಯ ಘಟಕ ನಿಂತಾಗ ಗ್ರಿಡ್ ವೋಲ್ಟೇಜ್ 352ರಿಂದ 333 ಕಿಲೋವೋಲ್ಟ್‌ಗೆ ಇಳಿಯಿತು. ಕೇಳಿದರೆ ದೊಡ್ಡ ಕುಸಿತವೆನ್ನಿಸುವುದಿಲ್ಲ. ಆದರೆ ಒಳಗಿನ ಕೆಲವು ಮೋಟಾರುಗಳ ನಿಯಂತ್ರಣ ಸರ್ಕ್ಯೂಟ್‌ಗಳಿಗೆ ಅಷ್ಟು ಸಾಲದೆ ಹೋಗಿ ಫ್ಯೂಸುಗಳು ಸುಟ್ಟವು, ಮೋಟಾರುಗಳು ಶುರುವಾಗಲಿಲ್ಲ. ವಿದ್ಯುತ್ ಪೂರ್ತಿ ಹೋಗಿದ್ದರೆ ವೋಲ್ಟೇಜನ್ನು ಕಾಯುವ ರಿಲೇ ಎಂಬ ಸಾಧನಗಳು ಡೀಸೆಲ್ ಜನರೇಟರನ್ನು ಕರೆಯುತ್ತಿದ್ದವು. ಇಲ್ಲಿ ಲೈನ್ ಜೀವಂತವಾಗಿಯೇ ಇತ್ತು, ಕೆಲಸಕ್ಕೆ ಮಾತ್ರ ಬಾರದು. ಸರಿ, ರಿಲೇ ಎಚ್ಚರಗೊಳ್ಳುವ ವೋಲ್ಟೇಜಿನ ಸೆಟ್ಟಿಂಗನ್ನು ಮೇಲೇರಿಸಿದರು. ಅದೇ ತಿಂಗಳಲ್ಲಿ, ದೊಡ್ಡ ಮೋಟಾರು ಶುರುವಾಗುವಾಗಿನ ಸಹಜ ಇಳಿತವನ್ನೇ ರಿಲೇ ವಿದ್ಯುತ್ ಹೋಯಿತೆಂದು ತಿಳಿದು ಹೊರೆಗಳನ್ನು ಕಡಿದುಹಾಕಿತು! ಈಗ ಎರಡು ಮೆಟ್ಟಿಲಿನ ರಿಲೇ ಇಡುವುದು ಅದಕ್ಕಾಗಿಯೇ: ಪೂರ್ತಿ ಹೋದರೆ ತಕ್ಷಣ ಎಚ್ಚರಗೊಳ್ಳುವುದು ಒಂದು, ಸೊರಗಿದ ವೋಲ್ಟೇಜನ್ನು ಸ್ವಲ್ಪ ಹೊತ್ತು ಗಮನಿಸಿ ಆಮೇಲೆ ತೀರ್ಮಾನಿಸುವುದು ಇನ್ನೊಂದು. ಆ “ಸ್ವಲ್ಪ ಹೊತ್ತು” ಎಷ್ಟು ಎಂಬುದರ ಮೇಲೆ ನಾನು ಕಳೆದಿರುವ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಶೇಕಡಾ 80 ಇದ್ದರೆ ಬಲ 64 ಮಾತ್ರ. ಹೆಚ್ಚು ಕಾದರೆ ಮೋಟಾರು ಬಿಸಿಯಾಗುತ್ತದೆ, ಕಡಿಮೆ ಕಾದರೆ ಒಳ್ಳೆಯ ಲೈನನ್ನು ನಾವೇ ಕೈಬಿಡುತ್ತೇವೆ.

ಹೊರಗಿನ ವಿದ್ಯುತ್ ತರಲು ಎರಡು ಪ್ರತ್ಯೇಕ ಲೈನುಗಳಿರಬೇಕೆಂಬ ನಿಯಮ ಈ ಕೆಲಸದವರೆಲ್ಲರಿಗೂ ಗೊತ್ತು, ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ನಕ್ಷೆಯಲ್ಲಿ ಎರಡು ಗೆರೆ ಕಂಡರೆ ಅವು ನಿಜವಾಗಿ ಬೇರೆ ಬೇರೆಯೇ ಎಂದು ನೆಲದ ಮೇಲೆ ಹೋಗಿ ನೋಡಿ ಬನ್ನಿ, ಅಷ್ಟೇ. ಆ ನಕ್ಷೆಯ ಇನ್ನೊಂದು ಮೋಸ ನನ್ನನ್ನು ಹೆಚ್ಚು ಕಾಡಿದೆ. ಮೂರು ತಂತಿಗಳನ್ನು ಅದು ಒಂದೇ ಗೆರೆಯಾಗಿ ಬರೆಯುತ್ತದೆ. ಹಾಗಾಗಿ ಒಂದು ತಂತಿ ಮಾತ್ರ ಕಡಿಯಬಹುದು ಎಂಬುದು ನೋಡುವವನ ತಲೆಗೇ ಬರುವುದಿಲ್ಲ.

2012ರ ಜನವರಿ 30ರಂದು ಇಲಿನಾಯ್‌ನ ಬೈರನ್ ಸ್ಥಾವರದ ಎರಡನೆಯ ಘಟಕದಲ್ಲಿ ಆದದ್ದು ಅದೇ. 345 ಕಿಲೋವೋಲ್ಟ್ ಕಡೆ ಒಂದು ಇನ್ಸುಲೇಟರ್ ಮುರಿದು, ಎ, ಬಿ, ಸಿ ಎಂಬ ಮೂರು ಫೇಸುಗಳಲ್ಲಿ (ತಂತಿಗಳಲ್ಲಿ) ಸಿ ಫೇಸ್ ಬೇರ್ಪಟ್ಟಿತು. ರಿಯಾಕ್ಟರ್ ನಿಂತಿತು. ಆದರೆ ಸುರಕ್ಷತಾ ಬಸ್‌ಗಳ (ಸುರಕ್ಷತಾ ಉಪಕರಣಗಳಿಗೆ ವಿದ್ಯುತ್ ಹಂಚುವ ಪಟ್ಟಿಗಳ) ರಿಲೇಗಳು ಎ-ಬಿ ಮತ್ತು ಬಿ-ಸಿ ನಡುವಿನ ವೋಲ್ಟೇಜುಗಳೆರಡೂ ಕುಸಿದರೆ ಮಾತ್ರ ಲೈನನ್ನು ಬಿಡುವಂತೆ ಜೋಡಣೆಯಾಗಿದ್ದವು. ಎ-ಬಿ ಚೆನ್ನಾಗಿಯೇ ಇತ್ತು. ಸುಳ್ಳು ಎಚ್ಚರಿಕೆ ಬಾರದಿರಲಿ ಎಂದು ಇಟ್ಟ ಷರತ್ತೇ ನಿಜವಾದ ಎಚ್ಚರಿಕೆಯ ಬಾಯಿ ಕಟ್ಟಿತು. ಸುಮಾರು 8 ನಿಮಿಷದ ನಂತರ ನಿಯಂತ್ರಣ ಕೊಠಡಿಯವರು ಲೈನಿನ ದೊಡ್ಡ ಸ್ವಿಚ್ಚುಗಳಾದ ಬ್ರೇಕರುಗಳನ್ನು ಕೈಯಾರೆ ತೆರೆದು ಲೈನನ್ನು ಬೇರ್ಪಡಿಸಿದ ಮೇಲೆಯೇ ಡೀಸೆಲ್ ಜನರೇಟರುಗಳು ಹೊರೆ ಹೊತ್ತವು.

ಆ ವರದಿ ಓದಿದ ವಾರವೇ ನಮ್ಮ ಯೋಜನೆಯ ರಿಲೇ ಜೋಡಣೆಯನ್ನು ತೆಗೆದು ನೋಡಿದೆವು. ಕೆಲವು ಬಗೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ಹೊರೆ ಕಡಿಮೆ ಇದ್ದಾಗ ಕಡಿದ ಫೇಸಿನಲ್ಲೂ ಸುರುಳಿಗಳ ಮೂಲಕವೇ ವೋಲ್ಟೇಜ್ ಮತ್ತೆ ಹುಟ್ಟಿಕೊಳ್ಳುತ್ತದೆ. ಮೀಟರ್ ನೋಡಿದವನಿಗೆ ಎಲ್ಲವೂ ಸರಿ. ಹಾಗಾಗಿ ವೋಲ್ಟೇಜನ್ನು ನಂಬದೆ, ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ನಲ್ಲಿ (ಮೂರು ಫೇಸುಗಳ ಸುರುಳಿಗಳು ಕೂಡುವ ಬಿಂದುವಿನಲ್ಲಿ) ಹರಿಯುವ ಕರೆಂಟನ್ನು ಗಮನಿಸುವ ಸಾಧನ ಹಾಕಿದೆವು. ಅದು ಎಚ್ಚರಿಕೆ ಮಾತ್ರ ಕೊಡಲೋ, ತಾನೇ ಬ್ರೇಕರ್ ತೆರೆಯಲೋ ಎಂದು ಜಗಳವಾಯಿತು. ಮೊದಲು ಬರೀ ಎಚ್ಚರಿಕೆ ಎಂದು ನಾನು ಪಟ್ಟು ಹಿಡಿದೆ. ಇದುವರೆಗೆ ಮೂರು ಬಾರಿ ಕೂಗಿದೆ. ಮೂರೂ ಬಾರಿ ಲೈನ್ ಸರಿಯಾಗಿಯೇ ಇತ್ತು. ಸೆಟ್ಟಿಂಗ್ ಬದಲಿಸಿ ಮತ್ತೆ ಕಾಯುತ್ತಿದ್ದೇವೆ.