‘ಡುರಾಕ್’ ನೋಡಿದ ಮೇಲೆ

ನಿನ್ನೆ ರಾತ್ರಿ ಯೂರಿ ಬಿಕೋವ್ ನಿರ್ದೇಶನದ ‘ಡುರಾಕ್’ ನೋಡಿದೆ. 2014ರ ರಷ್ಯನ್ ಸಿನಿಮಾ. ಹುಡುಕುವವರಿಗೆ ‘ದಿ ಫೂಲ್’ ಅಂತ ಸಿಗುತ್ತದೆ.

ಒಂದು ಸಣ್ಣ ಊರು. ದಿಮಾ ಅಂತ ಒಬ್ಬ ಪ್ಲಂಬರ್. ಪೈಪ್ ಒಡೆದಿದೆ ಅಂತ ಹಳೇ ಕಟ್ಟಡಕ್ಕೆ ಹೋಗುತ್ತಾನೆ. ನೋಡಿದರೆ ಗೋಡೆ ಬುಡದಿಂದ ತುದಿವರೆಗೂ ಬಿರುಕು ಬಿಟ್ಟಿದೆ, ಕಟ್ಟಡವೇ ವಾಲಿದೆ. ಒಳಗೆ 800ಕ್ಕೂ ಹೆಚ್ಚು ಜನ. ಅವನು ಮೇಯರ್ ಹುಡುಕಿಕೊಂಡು ಓಡಿದರೆ ಅಲ್ಲಿ ಆಕೆಯ ಹುಟ್ಟುಹಬ್ಬದ ಪಾರ್ಟಿ. ಊರಿನ ಅಧಿಕಾರಿಗಳೆಲ್ಲ ಅಲ್ಲೇ ಕುಡಿದು ಕೂತಿದ್ದಾರೆ. ರಿಪೇರಿ ದುಡ್ಡು ಯಾರ್ಯಾರ ಜೇಬು ಸೇರಿದೆ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ಜನರನ್ನು ಹೊರಗೆ ಕಳಿಸಿದರೆ ಇರಿಸೋದೆಲ್ಲಿ? ಲೆಕ್ಕ ಕೇಳಿದರೆ ತೋರಿಸೋದೇನು?

ನನಗೆ ಜಾಸ್ತಿ ಕಾಡಿದ್ದು ದಿಮಾನ ಅಪ್ಪ. ಮನೆ ಮುಂದಿನ ಬೆಂಚನ್ನು ಪುಂಡರು ಮುರಿಯುತ್ತಾರೆ, ಈತ ಸುಮ್ನೆ ಹೋಗಿ ಮತ್ತೆ ರಿಪೇರಿ ಮಾಡುತ್ತಾನೆ. ಕದಿಯೋದು ಗೊತ್ತಿಲ್ಲ ಅಂತಲೇ ಹೆಂಡತಿ ಕೈಲಿ ಬೈಸಿಕೊಳ್ಳುತ್ತಾನೆ! ಎಲ್ಲರೂ ಬಾಚಿಕೊಳ್ಳುವ ಕಡೆ ಪ್ರಾಮಾಣಿಕತೆ ಮನೆಯೊಳಗೇ ಜಗಳಕ್ಕೆ ಕಾರಣ ಆಗುತ್ತದೆ ಅಲ್ವಾ? ಲಂಚದ ಬಗ್ಗೆ ಸಿನಿಮಾಗಳು ಬೇಕಾದಷ್ಟು ಬಂದಿವೆ. ಆದರೆ ಅಡುಗೆಮನೆಯ ಈ ಬೈಗುಳವನ್ನು ತೋರಿಸಿದ್ದು ಕಡಿಮೆ.

ಅಧಿಕಾರಿಗಳು ಒಬ್ಬರ ಮೇಲೊಬ್ಬರು ಕೂಗಾಡುವ ದೃಶ್ಯಗಳಲ್ಲಿ ಸ್ವಲ್ಪ ಭಾಷಣ ಜಾಸ್ತಿಯಾಯಿತು ಅನ್ನಿಸಿತು. ಅದನ್ನೂ ಸಹಿಸಬಹುದು, ದಿಮಾ ಆಗಿರುವ ಆರ್ತ್ಯೋಮ್ ಬಿಸ್ತ್ರೋವ್‌ಗೋಸ್ಕರ. ಲೊಕಾರ್ನೋ ಚಿತ್ರೋತ್ಸವದಲ್ಲಿ ಅವನಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದೆ. ಕೊನೆ ಹೇಳಲ್ಲ. ಊಟ ಮಾಡುತ್ತಾ ಮಾತ್ರ ನೋಡಬೇಡಿ.