ಚೌಕಾಬಾರ: ಮೊದಲ ಸುತ್ತಿನಲ್ಲಿ ಕಾಯಿ ಉಳಿಸಿಕೊಳ್ಳುವ ಲೆಕ್ಕ

ಕವಡೆ ಕೈಗೆ ಬಂದ ಕೂಡಲೇ ಒಂದೇ ಕಾಯಿ ಹಿಡಿದು ಓಡಿಸುವವರೇ ಹೆಚ್ಚು. ಆರೇಳು ಮನೆ ದಾಟುವಷ್ಟರಲ್ಲಿ ಪಕ್ಕದವರು ಅದನ್ನು ಹೊಡೆದಿರುತ್ತಾರೆ. ಎರಡು ಸಲ ಹೀಗಾದರೆ ಸಾಕು, ಇದು ಬರೀ ಅದೃಷ್ಟದ ಆಟ ಅಂತ ಎದ್ದುಬಿಡುತ್ತಾರೆ. ಗರ, ಅಂದರೆ ಕವಡೆ ಹಾಕಿದಾಗ ಬೀಳುವ ಎಣಿಕೆ, ಅದೃಷ್ಟವೇ ಸರಿ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು ಅನ್ನುವುದು ಮಾತ್ರ ಪೂರ್ತಿ ಲೆಕ್ಕ. ಹಲಗೆಯಾಟಗಳನ್ನು ತಾವೇ ಹೊಸದಾಗಿ ರೂಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಊರು ಮೈಸೂರು. ಇಲ್ಲಿ ಈ ಲೆಕ್ಕ ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು.

ಇಲ್ಲಿ ಹೇಳುವುದು 25 ಮನೆಯ, ನಾಲ್ಕು ಕವಡೆಯ, ನಾಲ್ಕು ಜನ ನಾಲ್ಕು ನಾಲ್ಕು ಕಾಯಿ ಇಟ್ಟು ಆಡುವ ಆಟಕ್ಕೆ. ಕಾಯಿಗಳು ಮೊದಲೇ ತಮ್ಮ ಕಟ್ಟೆಯಲ್ಲಿ, ಅಂದರೆ ತಮ್ಮ ಬದಿಯ ನಡುವಿನ ಮನೆಯಲ್ಲಿ, ಕೂತಿರುತ್ತವೆ. ಹೊರಸುತ್ತನ್ನು ಬಲಕ್ಕೆ ಹೊರಟು ಸುತ್ತಬೇಕು, ಒಳಸುತ್ತನ್ನು ಅದಕ್ಕೆ ತಿರುವುಮುರುವಾಗಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಕ್ಕೆ ಹೋಗುವಂತಿಲ್ಲ. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಹೆಜ್ಜೆ; ನಾಲ್ಕೂ ಮೇಲಾದರೆ ಚೌಕ, ನಾಲ್ಕು ಹೆಜ್ಜೆ; ನಾಲ್ಕೂ ಬೋರಲಾದರೆ ಬಾರ, ಎಂಟು ಹೆಜ್ಜೆ. ಚೌಕ, ಬಾರ ಬಿದ್ದರೆ ಇನ್ನೊಂದು ಗರ, ಕಾಯಿ ಹೊಡೆದರೂ ಇನ್ನೊಂದು ಗರ.

ಮೊದಲು ಕವಡೆಯ ಲೆಕ್ಕ. ಕವಡೆ ಬಾಯಿ ಮೇಲಾಗಿ ಬೀಳುವುದೂ ಬೋರಲು ಬೀಳುವುದೂ ಸಮಸಮ ಅಂದುಕೊಂಡರೆ, 16 ಸಾಧ್ಯತೆಗಳಲ್ಲಿ ಒಂದು 4 ಸಲ, ಎರಡು 6 ಸಲ, ಮೂರು 4 ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಎಲ್ಲಕ್ಕಿಂತ ಹೆಚ್ಚು ಬೀಳುವುದು ಎರಡು ಅನ್ನುವುದನ್ನು ಮನಸ್ಸಿನಲ್ಲಿಡಿ, ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ನಿಜವಾದ ಕವಡೆ ಇಷ್ಟು ಸಮವಾಗಿ ಬೀಳುವುದಿಲ್ಲ. ಬೆನ್ನು ಉಬ್ಬಿದ್ದಕ್ಕೂ ಬೆನ್ನು ತೇಯ್ದದ್ದಕ್ಕೂ ವ್ಯತ್ಯಾಸ ಬರುತ್ತದೆ. ಹೊಸ ಕವಡೆ ತಂದಾಗ ಒಂದೊಂದನ್ನೂ ಐವತ್ತು ಸಲ ಹಾಕಿ ಎಣಿಸಿ, ತೀರಾ ಒಂದೇ ಕಡೆ ವಾಲುವುದನ್ನು ಪಕ್ಕಕ್ಕಿಡಿ. ಹುಣಸೆ ಬೀಜ ತೇಯ್ದು ಆಡುವವರಿಗೂ ಇದೇ ಮಾತು.

ಈಗ ಹೊರಸುತ್ತಿನ 16 ಮನೆಗಳಿಗೆ ನಂಬರು ಕೊಡೋಣ. ನಿಮ್ಮ ಕಟ್ಟೆ 0. ಬಲಗಡೆಯವರ ಕಟ್ಟೆ 4, ಎದುರಿನವರದು 8, ಎಡಗಡೆಯವರದು 12. ಈ ನಾಲ್ಕರಲ್ಲಿ ಯಾರ ಕಾಯಿಯನ್ನೂ ಯಾರೂ ಹೊಡೆಯುವಂತಿಲ್ಲ. 2, 6, 10, 14 ಮೂಲೆಗಳು.

ನಿಮ್ಮ ಕಟ್ಟೆಯಿಂದ ಹೊರಟ ಕಾಯಿಗೆ 1, 2, 3ರಲ್ಲಿ ಶುರುವಿನಲ್ಲಿ ಅಷ್ಟೇನೂ ಭಯವಿಲ್ಲ. ಹಿಂದೆ ಇರುವವರು ಎಡಗಡೆಯವರು, ಅವರ ಕಟ್ಟೆಯಿಂದ ಈ ಮನೆಗಳಿಗೆ 5, 6, 7 ಹೆಜ್ಜೆ. ಅಷ್ಟು ದೂರ ಹೊಡೆಯಲು ಮೊದಲು ಚೌಕವೇ ಬೀಳಬೇಕು, ಆಮೇಲೆ ಸರಿಯಾದ ಗರವೂ ಬೀಳಬೇಕು. 64ರಲ್ಲಿ ಒಂದೆರಡು ಸಲ ಆಗುವ ಮಾತು. ಮೂರರಲ್ಲಿ ಎಲ್ಲಿ ನಿಲ್ಲುವುದು ವಾಸಿ? ಮೂಲೆಯಲ್ಲಿ. 2ರಿಂದ 4ರ ಕಟ್ಟೆಗೆ ಎರಡೇ ಹೆಜ್ಜೆ, ಆ ಎರಡು ಬೀಳುವ ಸಂಭವ 16ರಲ್ಲಿ 6. 1ರಲ್ಲೋ 3ರಲ್ಲೋ ನಿಂತರೆ 16ರಲ್ಲಿ 4 ಮಾತ್ರ.

4ರ ಕಟ್ಟೆ ದಾಟಿದ ಕೂಡಲೇ ಎಲ್ಲ ತಲೆಕೆಳಗು. ಬಲಗಡೆಯವರ ಕಾಯಿಗಳು ಅಲ್ಲೇ ಕೂತಿವೆ, 5, 6, 7 ಅವರ ಬಾಗಿಲ ಮುಂದಿನ ಮನೆಗಳು. 6ರ ಮೂಲೆಗೆ ಹೋಗಿ ನಿಂತರೆ ಅವರ ಮುಂದಿನ ಗರದಲ್ಲೇ ಹೊಡೆತ ಬೀಳುವ ಸಂಭವ 37.5 ಪರ್ಸೆಂಟು. 5, 7ರಲ್ಲಿ 25. ಒಬ್ಬರೇ ಆಟಗಾರರ ಎರಡು ಕಾಯಿ ನಿಮ್ಮ ಹಿಂದೆ ಒಂದು ಹೆಜ್ಜೆಯಲ್ಲೊಂದು, ಎರಡು ಹೆಜ್ಜೆಯಲ್ಲೊಂದು ಇದ್ದರೆ 16ರಲ್ಲಿ 10. ಅಂಥ ಕಡೆ ನಿಲ್ಲಲೇಬಾರದು.

ಹಾಗಾದರೆ 4ರಲ್ಲಿ ಸಿಕ್ಕಿಹಾಕಿಕೊಂಡ ಹಾಗಾಯಿತಲ್ಲ ಅನ್ನಿಸಬಹುದು. ನನ್ನ ಪ್ರಕಾರ ಆಟದ ಶುರುವಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವೇ ಇಲ್ಲ. ನೀವು ಅಲ್ಲಿ ಕೂತಿದ್ದರೆ ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ. ಬಲಗಡೆಯವರು ಮಾತ್ರ ತಮ್ಮ ಕಾಯಿ ಹೊರಡಿಸಲೇಬೇಕು, ಹೊರಟ ಕಾಯಿ ಬಹಳ ಸಲ ನಿಮ್ಮ ಮುಂದೆ ಒಂದು, ಎರಡು, ಮೂರು ಹೆಜ್ಜೆಯಲ್ಲೇ ನಿಲ್ಲುತ್ತದೆ. ಒಳಕ್ಕೆ ಹೋಗಲು ಬೇಕಾದ ಮೊದಲ ಹೊಡೆತ ಇಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ಒಂದು ಕಾಯಿಯನ್ನು ಬೇಗ ಬಲಗಡೆಯವರ ಕಟ್ಟೆಗೆ ಸೇರಿಸಿ ಕಾಯುತ್ತಾ ಕೂರುವುದು, ಇಷ್ಟೇ ಮೊದಲ ಸುತ್ತಿನ ಕೆಲಸ.

ಕಾಯಲು ಮಾತ್ರ ಬೇರೆ ಕಾಯಿಗಳಿಗೆ ನಡೆ ಇರಬೇಕು. ಗರ ಬಿದ್ದ ಮೇಲೆ ಆಡಲೇಬೇಕಾದ್ದರಿಂದ, ಉಳಿದ ಕಾಯಿ ಕಟ್ಟಿಹೋಗಿದ್ದರೆ ಕೂತ ಕಾಯಿಯನ್ನೇ ಎಬ್ಬಿಸಬೇಕಾಗುತ್ತದೆ. ಅದಕ್ಕೇ 0ಯಲ್ಲಿ ಎರಡು ಕಾಯಿ ಉಳಿಸಿಕೊಳ್ಳಿ, ಇನ್ನೊಂದು 1ರಿಂದ 3ರ ನಡುವೆ ಹೆಜ್ಜೆ ಹಾಕುತ್ತಿರಲಿ. ಕಟ್ಟೆಯಲ್ಲಿ ನಾಲ್ಕು ಕಾಯಿ ಇದ್ದರೂ ಒಂದೇ ಇದ್ದರೂ ಬಾಗಿಲ ಮುಂದೆ ಬಂದವರನ್ನು ಹೊಡೆಯುವ ಸಂಭವ ಅಷ್ಟೇ. ಎರಡನೆಯದು ಬೇಕಾಗುವುದು, ಮೊದಲನೆಯದು ಹೊಡೆದು ಹೊರಟ ಮೇಲೆ ಬಾಗಿಲು ಕಾಯಲು.

ಚೌಕ, ಬಾರ ಬಿದ್ದಾಗ ಅವಸರ ಮಾಡಬೇಡಿ. ಕಟ್ಟೆಗಳ ನಡುವೆ ಇರುವುದು ನಾಲ್ಕೇ ಹೆಜ್ಜೆಯಾದ್ದರಿಂದ ಇವು ಹೊರಸುತ್ತಿನಲ್ಲಿ ಕಟ್ಟೆಯ ಕಾಯಿಯನ್ನು ಕಟ್ಟೆಗೇ ಒಯ್ಯುತ್ತವೆ, ಬಯಲಿನ ಕಾಯಿಯನ್ನು ಬಯಲಿಗೇ ಒಯ್ಯುತ್ತವೆ. ಬಯಲಿನಲ್ಲಿ ಹೆದರಿ ನಿಂತ ಕಾಯಿಯನ್ನು ಚೌಕದಿಂದ ಪಾರು ಮಾಡಲು ಹೋದರೆ ಅದು ಮತ್ತೊಬ್ಬರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಹೊಡೆತ ಸಿಗದಿದ್ದರೆ ದೊಡ್ಡ ಗರವನ್ನು ಕಟ್ಟೆಯಲ್ಲಿರುವ ಕಾಯಿಗೇ ಕೊಡಿ, ಮೇಲೆ ಸಿಗುವ ಗರದಿಂದ ಬಯಲಿನ ಕಾಯಿಯನ್ನು ನೋಡಿಕೊಳ್ಳಿ.

ಹೊಡೆದ ಮೇಲಿನ ಗರವನ್ನೂ ಯೋಚಿಸಿಯೇ ಆಡಬೇಕು. 4ರಿಂದ ಹೋಗಿ 6ರಲ್ಲಿ ಬಲಗಡೆಯವರ ಕಾಯಿ ಹೊಡೆದಿರಿ ಅನ್ನಿ. ಏಟು ತಿಂದ ಕಾಯಿ ವಾಪಸು ಹೋಗಿ ಕೂರುವುದು 4ರಲ್ಲಿ, ಅಂದರೆ ನಿಮಗೆ ಸರಿಯಾಗಿ ಎರಡು ಹೆಜ್ಜೆ ಹಿಂದೆ! ಎರಡು ಬಿದ್ದರೆ ಬೇರೆ ಯೋಚನೆಯೇ ಬೇಡ, 8ರ ಕಟ್ಟೆ ಸೇರಿ. ಒಂದು ಬಿದ್ದರೆ 7ಕ್ಕೆ ಸರಿದರೂ ಅಪಾಯ 37.5ರಿಂದ 25ಕ್ಕೆ ಇಳಿಯುತ್ತದೆ. ಮೂರು ಬಿದ್ದರೆ 9, ಅಲ್ಲಿ ಎದುರಿನವರ ಬಾಗಿಲು, ಅವರದೂ 25ರ ಲೆಕ್ಕವೇ. ಬಲಗಡೆಯವರ ಕಟ್ಟೆ ಐದು ಹೆಜ್ಜೆ ಹಿಂದಾಗುವುದರಿಂದ ಆ ಕಡೆಯ ಭಯ ಬಹುತೇಕ ತಪ್ಪುತ್ತದೆ. ಎದುರಿನವರ ಕಟ್ಟೆ ಖಾಲಿಯಿದ್ದರೆ, ಬೇರೆಯವರೂ ಅಲ್ಲಿ ಕೂತಿಲ್ಲದಿದ್ದರೆ, ಮೂರು ಒಳ್ಳೆಯ ಗರವೇ.

ಎಡಗಡೆಯವರೂ ಇದೇ ಲೆಕ್ಕ ಬಲ್ಲವರಾದರೆ ನಿಮ್ಮ ಕಟ್ಟೆಗೆ ಬಂದು ಕೂರುತ್ತಾರೆ. ಆಗ 1, 2, 3 ಮೊದಲಿನ ಹಾಗೆ ನೆಮ್ಮದಿಯ ಮನೆಗಳಲ್ಲ. ಎರಡು ಬಿತ್ತು ಅಂತ 0ಯಿಂದ ಮೂಲೆಗೆ ಹೊರಡಬೇಡಿ, ಮುಂದಿರುವ ಕಾಯಿಯನ್ನೇ ನಡೆಸಿ. ಹೊರಡಲೇಬೇಕಾದರೆ ಚೌಕಕ್ಕೆ ಕಾಯಿರಿ, ಇಲ್ಲವೇ ಒಂದಕ್ಕೋ ಮೂರಕ್ಕೋ ಹೊರಡಿ. ಈ ಹಂತದಲ್ಲಿ ಕಾಯಿ ಹೋದರೂ ನಷ್ಟವಾಗುವುದು ಎರಡು ಮೂರು ಹೆಜ್ಜೆ. 13, 14ರಲ್ಲಿ ಹೋದರೆ ಸುತ್ತು ಪೂರ್ತಿ ಹೋದಂತೆ. ಆದ್ದರಿಂದ ಇನ್ನೂ ಯಾರನ್ನೂ ಹೊಡೆಯದೆ ಇದ್ದರೆ 12 ದಾಟಲೇ ಬೇಡಿ. ಒಳಕ್ಕೆ ದಾರಿಯಿಲ್ಲದೆ 15ರಲ್ಲಿ ನಿಂತ ಕಾಯಿಯನ್ನು ಎಡಗಡೆಯವರು ತಮ್ಮ ಕಟ್ಟೆಯಿಂದಲೇ ಮೂರು ಹಾಕಿ ಹೊಡೆಯಬಹುದು.

ಕೆಲವರ ಮನೆಯಲ್ಲಿ 15ರ ಕಾಯಿ ಅಲ್ಲೇ ನಿಲ್ಲಬೇಕು, ಕೆಲವರಲ್ಲಿ ಇನ್ನೊಂದು ಸುತ್ತು ಹೊರಡಬಹುದು. ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ ಅನ್ನುವುದರಲ್ಲೂ ಊರಿಗೊಂದು ಪದ್ಧತಿ. ಒಂದರ ಮೇಲೊಂದು ವಾಲಿ ನಿಂತ ಕವಡೆಯನ್ನು ಎಣಿಸುತ್ತೀರೋ, ಮತ್ತೆ ಹಾಕಿಸುತ್ತೀರೋ? ಈ ಮೂರನ್ನೂ ಮನೆ ಬರೆಯುವಾಗಲೇ ಎಲ್ಲರೂ ಕೂತು ತೀರ್ಮಾನ ಮಾಡಿಕೊಳ್ಳಿ.